ಎರಡು ಅಂಕಿ ಸಾಕು: ವೋಲ್ಟ್, ಆಂಪಿಯರ್‌ನಿಂದ ಮನೆಯ ಕರೆಂಟ್ ಲೆಕ್ಕ

ಗೀಸರ್ ಕೊಳ್ಳುವಾಗ ಎಷ್ಟು ಲೀಟರ್, ಎಷ್ಟು ಸ್ಟಾರ್ ಅಂತ ನೋಡುತ್ತೇವೆ. ಅದರ ಮೈಗೆ ಅಂಟಿಸಿರುವ ಚಿಕ್ಕ ಸ್ಟಿಕ್ಕರ್ ಓದುವವರು ಕಡಿಮೆ. 230 ವೋಲ್ಟ್, 2000 ವ್ಯಾಟ್ ಅಂತ ಅದರಲ್ಲಿ ಬರೆದಿರುತ್ತದೆ. ಆ ಎರಡು ಅಂಕಿ ಇದ್ದರೆ ಆ ಗೀಸರ್ ಎಷ್ಟು ಆಂಪಿಯರ್ ಎಳೆಯುತ್ತದೆ, ಒಳಗಿನ ಕಾಯಿಲ್ ಎಷ್ಟು ಓಮ್, ಯಾವ ಸಾಕೆಟ್ ಬೇಕು, ಎಷ್ಟು ದಪ್ಪದ ವೈರ್ ಬೇಕು, ಎಲ್ಲವನ್ನೂ ಕೂತಲ್ಲೇ ಹೇಳಬಹುದು. ಬೇಕಾಗುವುದು ಒಂದು ಗುಣಾಕಾರ, ಒಂದು ಭಾಗಾಕಾರ.

ವ್ಯಾಟ್ = ವೋಲ್ಟ್ × ಆಂಪಿಯರ್
ಓಮ್ = ವೋಲ್ಟ್ ÷ ಆಂಪಿಯರ್

ಮೊದಲನೆಯದು ಪವರ್. ಎರಡನೆಯದು ರೋಧ, ಅಂದರೆ ರೆಸಿಸ್ಟೆನ್ಸ್. ನಮ್ಮ ಗೀಸರ್‌ಗೆ ಹಾಕಿ ನೋಡೋಣ. 2000 ವ್ಯಾಟನ್ನು 230 ವೋಲ್ಟ್‌ನಿಂದ ಭಾಗಿಸಿದರೆ 8.7 ಆಂಪಿಯರ್. 230 ವೋಲ್ಟನ್ನು 8.7 ಆಂಪಿಯರ್‌ನಿಂದ ಭಾಗಿಸಿದರೆ ಹತ್ತಿರ ಹತ್ತಿರ 26.5 ಓಮ್. ಲೆಕ್ಕ ಇಷ್ಟೇ. ಹೈಸ್ಕೂಲಿನಲ್ಲಿ ಎಲ್ಲರೂ ಮಾಡಿದ್ದೇ. ಆದರೆ ಈ ಎರಡು ಸಾಲು ಮನೆಯೊಳಗೆ ಏನೇನು ಹೇಳುತ್ತವೆ ಅನ್ನುವುದನ್ನು ಶಾಲೆಯಲ್ಲಿ ಯಾರೂ ತೋರಿಸಿಕೊಡುವುದಿಲ್ಲ. ಅದು ಗೊತ್ತಿಲ್ಲದೆ ಬೆಂಗಳೂರಿನ ಎಷ್ಟೋ ಬಾಡಿಗೆ ಮನೆಗಳಲ್ಲಿ, ಪಿಜಿಗಳಲ್ಲಿ ಪ್ಲಗ್‌ಗಳು ಕಪ್ಪಾಗುತ್ತಿವೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಗುಣಾಕಾರದ ವಿಷಯ. ವೋಲ್ಟನ್ನು ಆಂಪಿಯರ್ ಜೊತೆ ಗುಣಿಸಿದರೆ ಪವರ್ ಯಾಕೆ ಬರಬೇಕು? ವಿದ್ಯುತ್ತಿನ ಚಾರ್ಜ್ ಅಳೆಯುವುದು ಕೂಲಂಬ್ ಎಂಬ ಅಳತೆಯಲ್ಲಿ. ಒಂದು ಸೆಕೆಂಡಿಗೆ ಒಂದು ಕೂಲಂಬ್ ಹಾದುಹೋದರೆ ಅದು ಒಂದು ಆಂಪಿಯರ್. ಒಂದೊಂದು ಕೂಲಂಬ್ ಎಷ್ಟು ಜೂಲ್ ಶಕ್ತಿ ಇಳಿಸಿ ಹೋಗುತ್ತದೆ ಅನ್ನುವುದು ವೋಲ್ಟ್. ಊರಿನ ತುಂಬ ಓಡಾಡುವ ಡೆಲಿವರಿ ಹುಡುಗರನ್ನು ನೆನೆಸಿಕೊಳ್ಳಿ. ಪ್ರತಿಯೊಬ್ಬನ ಬ್ಯಾಗಿನಲ್ಲಿ ಎಷ್ಟು ಸಾಮಾನು ಇದೆ ಅನ್ನುವುದು ವೋಲ್ಟ್. ಸೆಕೆಂಡಿಗೆ ಎಷ್ಟು ಜನ ಬಾಗಿಲಿಗೆ ಬರುತ್ತಾರೆ ಅನ್ನುವುದು ಆಂಪಿಯರ್. ಮನೆಗೆ ಸೆಕೆಂಡಿಗೆ ಒಟ್ಟು ಎಷ್ಟು ಸಾಮಾನು ಬಂತು ಅಂತ ತಿಳಿಯಬೇಕಾದರೆ ಎರಡನ್ನೂ ಗುಣಿಸಲೇಬೇಕು ಅಲ್ವಾ? ಅದೇ ವ್ಯಾಟ್. ಸೆಕೆಂಡಿಗೆ ಇಷ್ಟು ಜೂಲ್.

ಫೋನ್ ಚಾರ್ಜರ್ ಮೇಲೆ 5 ವೋಲ್ಟ್, 2 ಆಂಪಿಯರ್ ಅಂತ ಇದ್ದರೆ 10 ವ್ಯಾಟ್. ಗೋಡೆಯ ಸಾಕೆಟ್‌ನಿಂದ ಅದೇ 2 ಆಂಪಿಯರ್ ಎಳೆದರೆ 460 ವ್ಯಾಟ್. ಆಂಪಿಯರ್ ಒಂದೇ, ಆದರೆ ಹೊತ್ತು ತರುವ ಶಕ್ತಿ 46 ಪಟ್ಟು. ಹಾಗಾಗಿ ಬರೀ ಆಂಪಿಯರ್ ಅಥವಾ ಬರೀ ವೋಲ್ಟ್ ಹೇಳಿದರೆ ಪವರ್ ತಿಳಿಯುವುದಿಲ್ಲ. ಎರಡೂ ಬೇಕು.

ಈಗ ಭಾಗಾಕಾರ. ಇದನ್ನು ಕಂಡುಹಿಡಿದವರು ಜರ್ಮನಿಯ ಗೇಯೊರ್ಗ್ ಓಮ್. ಕೊಲೋನ್ ನಗರದಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಆ ಕಾಲದ ಬ್ಯಾಟರಿಗಳು ಒಂದೇ ಸಮ ವೋಲ್ಟೇಜ್ ಕೊಡುತ್ತಿರಲಿಲ್ಲ, ಬಳಸುತ್ತಿದ್ದಂತೆ ಕುಸಿಯುತ್ತಿದ್ದವು. ಅವರು ಎರಡು ಬೇರೆ ಲೋಹಗಳನ್ನು ಬೆಸೆದು, ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟರು. ಹಾಗೆ ಇಟ್ಟಾಗ ಹುಟ್ಟುವ ಪುಟ್ಟ ವೋಲ್ಟೇಜ್ ಕದಲುವುದಿಲ್ಲ. ಅದಕ್ಕೆ ಬೇರೆ ಬೇರೆ ಉದ್ದದ ತಂತಿ ಜೋಡಿಸಿ ಹರಿವನ್ನು, ಅಂದರೆ ಆಂಪಿಯರನ್ನು, ಅಳೆದರು. 1827ರಲ್ಲಿ ಪುಸ್ತಕ ಪ್ರಕಟಿಸಿದರು. ಅದರ ತಿರುಳು ಇದು: ಒಂದು ತಂತಿಯ ಬಿಸಿ ಬದಲಾಗದೆ ಇದ್ದರೆ, ವೋಲ್ಟೇಜನ್ನು ಹರಿವಿನಿಂದ ಭಾಗಿಸಿದಾಗ ಯಾವಾಗಲೂ ಅದೇ ಅಂಕಿ ಬರುತ್ತದೆ.

ಬಿಸಿ ಬದಲಾಗದೆ ಇದ್ದರೆ ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ, ವೋಲ್ಟ್, ಆಂಪಿಯರ್, ಓಮ್ ಅಳೆಯುವ ಸಾದಾ ಮಲ್ಟಿಮೀಟರ್ ಒಂದಿದ್ದರೆ ಇದನ್ನು ಮನೆಯಲ್ಲೇ ನೋಡಬಹುದು. ಹಳೆಯ ಕಾಲದ ತಂತಿ ಬಲ್ಬ್, 100 ವ್ಯಾಟ್‌ನದು, ಮನೆಯ ಮೂಲೆಯಲ್ಲಿ ಎಲ್ಲಾದರೂ ಇರುತ್ತದೆ. ಲೆಕ್ಕದ ಪ್ರಕಾರ ಅದು 0.43 ಆಂಪಿಯರ್ ಎಳೆಯಬೇಕು, ರೋಧ 529 ಓಮ್ ಇರಬೇಕು. ಬಲ್ಬನ್ನು ಹೋಲ್ಡರ್‌ನಿಂದ ಬಿಚ್ಚಿ, ಮಲ್ಟಿಮೀಟರನ್ನು ಓಮ್ ಗುರುತಿಗೆ ತಿರುಗಿಸಿ, ಬಲ್ಬಿನ ಎರಡು ಬಿಂದುಗಳಿಗೆ ಮುಟ್ಟಿಸಿ. 40ರ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಉರಿಯುವಾಗ ಟಂಗ್‌ಸ್ಟನ್ ತಂತಿ 2000 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾಗಿರುತ್ತದೆ. ಆ ಬಿಸಿಯಲ್ಲಿ ಅದರ ರೋಧ ಹತ್ತು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಸ್ವಿಚ್ ಹಾಕಿದ ಆ ಕ್ಷಣ ಮಾತ್ರ ತಂತಿ ತಣ್ಣಗಿರುತ್ತದೆ, ರೋಧ 40 ಓಮ್, ಹರಿವು 5 ಆಂಪಿಯರ್ ದಾಟುತ್ತದೆ. ತಂತಿ ಬಲ್ಬುಗಳು ಉರಿಯುತ್ತಿರುವಾಗ ಸಾಯುವುದಕ್ಕಿಂತ ಸ್ವಿಚ್ ಹಾಕಿದ ಕೂಡಲೇ ಫಟ್ ಅಂತ ಹೋಗುತ್ತಿದ್ದದ್ದು ಇದೇ ಕಾರಣಕ್ಕೆ.

ಗೀಸರ್ ಕಾಯಿಲ್ ಹಾಗಲ್ಲ. ಅದು ಸಾಮಾನ್ಯವಾಗಿ ನಿಕಲ್, ಕ್ರೋಮಿಯಂ ಬೆರೆತ ನಿಕ್ರೋಮ್ ತಂತಿ. ಬಿಸಿಯಾದರೂ ಅದರ ರೋಧ ಅಷ್ಟಾಗಿ ಬದಲಾಗುವುದಿಲ್ಲ. ಗೀಸರ್ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕಿತ್ತು, ಗೀಸರ್‌ಗೇ ಸ್ವಿಚ್ ಇದ್ದರೆ ಅದನ್ನು ಆನ್ ಇಟ್ಟು, ಪ್ಲಗ್ಗಿನ ಎರಡು ಚಿಕ್ಕ ಪಿನ್‌ಗಳ ನಡುವೆ ಅಳೆಯಿರಿ. ನೀರು ತಣ್ಣಗಿದ್ದರೆ 26, 27 ಓಮ್ ಬರಬೇಕು. ಲೆಕ್ಕ ಹಾಕಿದ್ದು ಕಣ್ಣೆದುರು ನಿಜವಾಗುವುದನ್ನು ನೋಡುವ ಖುಷಿಯೇ ಬೇರೆ. ಇದು ಉಪಯೋಗದ ಕೆಲಸವೂ ಹೌದು. ಏನೂ ಬರದಿದ್ದರೆ ಕಾಯಿಲ್ ತುಂಡಾಗಿದೆ ಅಥವಾ ನೀರು ಕಾದ ಮೇಲೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ತೆರೆದುಕೊಂಡಿದೆ. ಮೆಕ್ಯಾನಿಕ್ ಬರುವ ಮೊದಲೇ ನಿಮಗೆ ಕಾಯಿಲೆ ಗೊತ್ತಾಗಿರುತ್ತದೆ. ಚಿಕ್ಕ ಪಿನ್ನಿಗೂ ದೊಡ್ಡ ಅರ್ತ್ ಪಿನ್ನಿಗೂ ನಡುವೆ ಅಳೆದಾಗ ಮಾತ್ರ ಮೀಟರ್ ಏನನ್ನೂ ತೋರಿಸಬಾರದು. ಅಲ್ಲಿ ಸಾವಿರಗಳಲ್ಲಿ ಓಮ್ ಕಂಡರೂ ಆ ಗೀಸರನ್ನು ಬಳಸಬೇಡಿ. ಕಾಯಿಲ್ ಒಳಗಿನಿಂದ ನೀರಿಗೆ ಸೋರುತ್ತಿದೆ ಅಂತ ಅರ್ಥ.

ಇಲ್ಲಿಂದ ಮುಂದೆ ಬಹಳ ಜನ ಎಡವುವ ಜಾಗ ಬರುತ್ತದೆ. ಮೇಲಿನ ಎರಡು ಸಾಲನ್ನು ಸೇರಿಸಿದರೆ ಪವರ್‌ಗೆ ಇನ್ನೂ ಎರಡು ಸೂತ್ರ ಸಿಗುತ್ತವೆ.

ವ್ಯಾಟ್ = ವೋಲ್ಟ್ × ವೋಲ್ಟ್ ÷ ಓಮ್
ವ್ಯಾಟ್ = ಆಂಪಿಯರ್ × ಆಂಪಿಯರ್ × ಓಮ್

ಮೊದಲನೆಯದರಲ್ಲಿ ಓಮ್ ಕೆಳಗಿದೆ. ರೋಧ ಹೆಚ್ಚಾದರೆ ಪವರ್ ಕಡಿಮೆ ಅನ್ನುತ್ತದೆ. ಎರಡನೆಯದರಲ್ಲಿ ಓಮ್ ಮೇಲಿದೆ. ರೋಧ ಹೆಚ್ಚಾದರೆ ಪವರ್ ಹೆಚ್ಚು ಅನ್ನುತ್ತದೆ. ಹಾಗಾದರೆ ಯಾವುದು ಸರಿ? ಎರಡೂ ಸರಿ. ಏನು ಬದಲಾಗದೆ ನಿಂತಿದೆ ಅನ್ನುವುದನ್ನು ನೋಡಬೇಕು, ಅಷ್ಟೇ.

ಒಂದು ಉಪಕರಣವನ್ನು ಇಡಿಯಾಗಿ ನೋಡುವಾಗ ವೋಲ್ಟೇಜ್ ನಿಂತಿರುತ್ತದೆ. ಗೋಡೆಯಲ್ಲಿ 230 ಇದ್ದೇ ಇರುತ್ತದೆ. ಅಲ್ಲಿ ಕಡಿಮೆ ಓಮ್ ಇರುವ ಉಪಕರಣ ಜಾಸ್ತಿ ಪವರ್ ಎಳೆಯುತ್ತದೆ. 2000 ವ್ಯಾಟ್ ಗೀಸರ್ 26.5 ಓಮ್, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 17.6 ಓಮ್, 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆ 53 ಓಮ್. ಓಮ್ ಇಳಿದಷ್ಟೂ ಉಪಕರಣ ದೊಡ್ಡದು. ಆದರೆ ಒಂದೇ ದಾರಿಯಲ್ಲಿ ಸಾಲಾಗಿ ಬರುವ ಭಾಗಗಳನ್ನು ಹೋಲಿಸುವಾಗ, ಅಂದರೆ ಗೋಡೆಯೊಳಗಿನ ವೈರ್, ಸಾಕೆಟ್, ಪ್ಲಗ್ಗಿನ ಪಿನ್, ಕೇಬಲ್, ಕಾಯಿಲ್, ಎಲ್ಲದರ ಮೂಲಕವೂ ಹರಿಯುವುದು ಅದೇ 8.7 ಆಂಪಿಯರ್. ಇಲ್ಲಿ ನಿಂತಿರುವುದು ಆಂಪಿಯರ್. ಯಾವ ಭಾಗದಲ್ಲಿ ಓಮ್ ಜಾಸ್ತಿಯೋ ಆ ಭಾಗ ಜಾಸ್ತಿ ಬಿಸಿಯಾಗುತ್ತದೆ. ಕಾಯಿಲ್ ಬಿಸಿಯಾಗಿ ವೈರ್ ತಣ್ಣಗಿರುವುದು ಇದರಿಂದಲೇ.

ಮೊದಲನೆಯ ಸೂತ್ರದಿಂದ ಒಂದು ಸಣ್ಣ ಲೆಕ್ಕ. ಬೇಸಗೆಯಲ್ಲಿ ಲೋಡ್ ಹೆಚ್ಚಾಗಿ ಮನೆಗೆ ಬರುವ ವೋಲ್ಟೇಜ್ 200ಕ್ಕೆ ಇಳಿಯಿತು ಅನ್ನಿ. ಗೀಸರಿನ ಓಮ್ ಬದಲಾಗುವುದಿಲ್ಲ. 200 × 200 ÷ 26.45 ಅಂದರೆ 1512 ವ್ಯಾಟ್. ವೋಲ್ಟೇಜ್ ಇಳಿದದ್ದು ನೂರಕ್ಕೆ 13, ಪವರ್ ಇಳಿದದ್ದು ನೂರಕ್ಕೆ 24. 15 ಲೀಟರ್ ನೀರನ್ನು 22 ಡಿಗ್ರಿಯಿಂದ 50 ಡಿಗ್ರಿಗೆ ತರಲು 230 ವೋಲ್ಟ್‌ನಲ್ಲಿ ಹದಿನೈದು ನಿಮಿಷ ಸಾಕು. 200 ವೋಲ್ಟ್‌ನಲ್ಲಿ ಹತ್ತೊಂಬತ್ತು ನಿಮಿಷ ದಾಟುತ್ತದೆ. ಬಿಲ್ ಜಾಸ್ತಿ ಬರುತ್ತದಾ? ಇಲ್ಲ. ನೀರಿಗೆ ಬೇಕಾದ ಶಕ್ತಿ ಅಷ್ಟೇ, ಸುಮಾರು ಅರ್ಧ ಯೂನಿಟ್. ನಿಧಾನವಾಗಿ ಕೊಟ್ಟರೂ ಅರ್ಧ ಯೂನಿಟ್ಟೇ. ಒಂದು ಯೂನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ, 36 ಲಕ್ಷ ಜೂಲ್.

ಎರಡನೆಯ ಸೂತ್ರ ಅಷ್ಟು ನಿರಪಾಯಕಾರಿ ಅಲ್ಲ. ಅದರ ಹಿಂದಿರುವವರು ಇಂಗ್ಲೆಂಡಿನ ಜೇಮ್ಸ್ ಜೂಲ್. ಹರಿವು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ ಎಂದು 1840ರ ಹೊತ್ತಿಗೆ ಅಳೆದು ತೋರಿಸಿದರು. ಇದನ್ನು ನಿಮ್ಮ ಗೀಸರ್ ಪ್ಲಗ್ಗಿಗೆ ಅನ್ವಯಿಸಿ ನೋಡಿ.

ಹೊಸ ಸಾಕೆಟ್ಟಿನಲ್ಲಿ ಹಿತ್ತಾಳೆಯ ಹಿಡಿಕೆ ಪಿನ್ನನ್ನು ಬಿಗಿಯಾಗಿ ಹಿಡಿದಿರುತ್ತದೆ. ಆ ಜಾಗದ ರೋಧ ಒಂದು ಓಮಿನ ಸಾವಿರದಲ್ಲಿ ಕೆಲವು ಭಾಗ. 0.005 ಓಮ್ ಅಂತ ಇಟ್ಟುಕೊಳ್ಳೋಣ. 8.7 × 8.7 × 0.005 ಅಂದರೆ 0.4 ವ್ಯಾಟಿಗೂ ಕಡಿಮೆ. ಕೈಗೆ ಗೊತ್ತೂ ಆಗುವುದಿಲ್ಲ. ವರ್ಷಗಟ್ಟಲೆ ಎಳೆದು ಚುಚ್ಚಿ, ಹಿಡಿಕೆ ಸಡಿಲವಾಗುತ್ತದೆ. ಬಾತ್‌ರೂಮಿನ ಆವಿಗೆ ಪಿನ್ ಮೇಲೆ ಕಿಲುಬು ಕಟ್ಟುತ್ತದೆ. ಲೋಹ ಲೋಹವನ್ನು ಮುಟ್ಟುವುದು ಒಂದೆರಡು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ. ರೋಧ 0.3 ಓಮಿಗೆ ಏರಿತು ಅನ್ನಿ. ಈಗ ಒಟ್ಟು ರೋಧ 26.45ರಿಂದ 26.75 ಆಯಿತು. ಹರಿವು 8.7ರಿಂದ 8.6ಕ್ಕೆ ಇಳಿಯಿತು. ಗೀಸರ್ ಎಂದಿನಂತೆಯೇ ನೀರು ಕಾಯಿಸುತ್ತದೆ. ನಿಮಗೆ ಒಂದು ಚೂರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಆ ಸಡಿಲ ಜಾಗದಲ್ಲಿ 8.6 × 8.6 × 0.3, ಅಂದರೆ 22 ವ್ಯಾಟ್ ಬಿಸಿ ಹುಟ್ಟುತ್ತಿದೆ. ಎಸ್‌ಪಿ ರೋಡಿನಲ್ಲಿ ಸೋಲ್ಡರಿಂಗ್ ಐರನ್ ಕೇಳಿದರೆ ಕೈಗೆ ಕೊಡುವುದು 25 ವ್ಯಾಟಿನದು. ಸೀಸವನ್ನು ನೀರಿನ ಹಾಗೆ ಕರಗಿಸುವ ಅಷ್ಟು ಬಿಸಿ ನಿಮ್ಮ ಪ್ಲಾಸ್ಟಿಕ್ ಪ್ಲಗ್ಗಿನ ಒಳಗೆ ಕೂತಿದೆ. ಮಾಮೂಲಿ ವೈರಿನ ಪಿವಿಸಿ ಹೊದಿಕೆ ತಡೆಯುವುದು 70 ಡಿಗ್ರಿ ಸೆಲ್ಸಿಯಸ್ಸಿನವರೆಗೆ.

3000 ವ್ಯಾಟಿನ ಗೀಸರ್ ಆದರೆ ಹರಿವು 12.8 ಆಂಪಿಯರ್, ಅದೇ 0.3 ಓಮಿನಲ್ಲಿ 49 ವ್ಯಾಟ್. ಹರಿವು ಒಂದೂವರೆ ಪಟ್ಟಾಗಿದ್ದಕ್ಕೆ ಬಿಸಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಇನ್ನೂ ಕೆಟ್ಟದ್ದು ಏನೆಂದರೆ, ಬಿಸಿಯಾದ ಹಿಡಿಕೆ ಇನ್ನಷ್ಟು ಸಡಿಲವಾಗುತ್ತದೆ, ಕಿಲುಬು ಇನ್ನಷ್ಟು ಕಟ್ಟುತ್ತದೆ, ರೋಧ ಇನ್ನೂ ಏರುತ್ತದೆ, ಬಿಸಿಯೂ ಏರುತ್ತದೆ. ತಾನಾಗಿ ನಿಲ್ಲುವ ರೋಗ ಅಲ್ಲ ಇದು.

ಹರಿವು ಮಿತಿ ಮೀರಿದರೆ ತಾನಾಗಿ ಆರುವ ಸ್ವಿಚ್, ಎಂಸಿಬಿ, ಇದೆಯಲ್ಲ, ಅದು ಬೀಳುವುದಿಲ್ಲವಾ? ಬೀಳುವುದಿಲ್ಲ. ಎಂಸಿಬಿ ನೋಡುವುದು ಒಟ್ಟು ಆಂಪಿಯರನ್ನು. ಇಲ್ಲಿ ಆಂಪಿಯರ್ ಇಳಿದಿದೆ. ಅದರ ಕಣ್ಣಿಗೆ ಎಲ್ಲವೂ ಚೆನ್ನಾಗಿದೆ. ಸಾದಾ ಮಲ್ಟಿಮೀಟರ್‌ನಲ್ಲೂ ಇದನ್ನು ಹಿಡಿಯುವುದು ಕಷ್ಟ, ಏಕೆಂದರೆ ಅದರ ವೈರಿಗೇ 0.2, 0.3 ಓಮ್ ಇರುತ್ತದೆ. ನಮಗಿರುವ ಒಳ್ಳೆಯ ಉಪಕರಣ ಕೈ. ಗೀಸರ್ ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯ ಹಿಂಬದಿಯಿಂದ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಗಾ ಇಡಿ. ಬಿಸಿ ಅನ್ನಿಸಿದರೆ, ಪಿನ್ನಿನ ಬುಡ ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಗ್ ಮತ್ತು ಸಾಕೆಟ್ ಎರಡನ್ನೂ ಬದಲಾಯಿಸಿ. ಪ್ಲಗ್ ಒಂದನ್ನೇ ಬದಲಿಸಿದರೆ ಸಡಿಲ ಹಿಡಿಕೆ ಹೊಸ ಪ್ಲಗ್ಗನ್ನೂ ಸುಡುತ್ತದೆ. ಬಾಡಿಗೆ ಮನೆಯಾದರೆ ಓನರ್‌ಗೆ ಹೇಳಿ, ಒಪ್ಪದಿದ್ದರೆ ನೀವೇ ಹಾಕಿಸಿ. ಕೆಲವು ನೂರು ರೂಪಾಯಿಯ ಕೆಲಸಕ್ಕೆ ಮುಂದಿನ ತಿಂಗಳು ನೋಡೋಣ ಅನ್ನಬೇಡಿ.

ಎಕ್ಸ್‌ಟೆನ್ಷನ್ ಬೋರ್ಡಿನ ಕಥೆ ಇದರ ಅಣ್ಣತಮ್ಮ. ತೆಳ್ಳಗಿನ 0.75 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 26 ಓಮ್. ಐದು ಮೀಟರ್ ಬೋರ್ಡ್ ಅಂದರೆ ಹೋಗಿ ಬರುವ ದಾರಿ ಹತ್ತು ಮೀಟರ್, 0.26 ಓಮ್. ಗೀಸರ್ ಹಾಕಿದರೆ ಇಲ್ಲೂ ಹತ್ತಿರ ಹತ್ತಿರ 20 ವ್ಯಾಟ್. ಆದರೆ ಇದು ಐದು ಮೀಟರ್ ಉದ್ದಕ್ಕೂ ಹರಡಿಕೊಂಡಿದೆ, ಗಾಳಿ ಅದನ್ನು ತಣಿಸುತ್ತದೆ. ಅದೇ ವೈರನ್ನು ಅಚ್ಚುಕಟ್ಟಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ? 20 ವ್ಯಾಟ್ ಒಂದು ಮುಷ್ಟಿಯಷ್ಟು ಜಾಗದಲ್ಲಿ ಕೂಡಿಕೊಳ್ಳುತ್ತದೆ. ಬಿಸಿ ಎಷ್ಟು ಹುಟ್ಟಿತು ಅನ್ನುವಷ್ಟೇ ಮುಖ್ಯ, ಎಷ್ಟು ಜಾಗದಲ್ಲಿ ಹುಟ್ಟಿತು ಅನ್ನುವುದು. ಅಂಥ ಬೋರ್ಡುಗಳ ಪ್ಲಗ್ ಸಾಮಾನ್ಯವಾಗಿ 6 ಆಂಪಿಯರಿನದು. ಅದರಲ್ಲಿ ಗೀಸರ್ ಹಾಕಲೇಬಾರದು.

ಪಿಜಿಯಲ್ಲಿ ಇರುವ ಮಕ್ಕಳಿಗೆ ಒಂದು ಮಾತು. ಬಕೆಟ್ಟಿಗೆ ಇಳಿಬಿಡುವ ಇಮ್ಮರ್ಷನ್ ರಾಡ್ 1000 ವ್ಯಾಟಿನದಾದರೆ 4.3 ಆಂಪಿಯರ್. 6 ಆಂಪಿಯರ್ ಸಾಕೆಟ್ ಅದನ್ನು ತಡೆದುಕೊಳ್ಳುತ್ತದೆ. 1500 ವ್ಯಾಟಿನದಾದರೆ 6.5. ಸಾಕೆಟ್ ಮೇಲೆ ಬರೆದಿರುವುದನ್ನು ಮೀರಿತು. ಲೆಕ್ಕ ಬಾಯಲ್ಲೇ ಆಗುತ್ತದೆ, ಅಂಗಡಿಯಲ್ಲೇ ಮಾಡಿಬಿಡಿ.

ಎಂಸಿಬಿ ಬಗ್ಗೆ ಇನ್ನೂ ಎರಡು ಮಾತು ಹೇಳಬೇಕು. ಮನೆಯಲ್ಲಿ 16 ಆಂಪಿಯರಿನ ಎಂಸಿಬಿ ಇದೆ. ಗೀಸರ್ 2000 ವ್ಯಾಟ್, ಇಂಡಕ್ಷನ್ ಒಲೆ 1800 ವ್ಯಾಟ್ ಒಟ್ಟಿಗೆ ಓಡಿದರೆ 3800 ÷ 230, 16.5 ಆಂಪಿಯರ್. ಬೀಳಬೇಕಲ್ಲ? ಕೂಡಲೇ ಬೀಳುವುದಿಲ್ಲ. ಅದರ ಮಾನದಂಡವೇ ಹಾಗಿದೆ. ಬರೆದಿರುವ ಅಂಕಿಯ 1.13 ಪಟ್ಟು ಹರಿವು ಇದ್ದರೆ ಒಂದು ಗಂಟೆಯವರೆಗೆ ಬೀಳಬಾರದು, 1.45 ಪಟ್ಟು ಇದ್ದರೆ ಒಂದು ಗಂಟೆಯೊಳಗೆ ಬೀಳಲೇಬೇಕು. 16ರ ಎಂಸಿಬಿ ಅಂದರೆ 18 ಆಂಪಿಯರಿಗೆ ಗಂಟೆಗಟ್ಟಲೆ ಸುಮ್ನೆ ಇರಬಹುದು. ಬೀಳಲಿಲ್ಲ ಅಂದ ಮಾತ್ರಕ್ಕೆ ವೈರ್ ಆರಾಮವಾಗಿದೆ ಅಂದುಕೊಳ್ಳಬೇಡಿ.

ಇನ್ನೊಂದು ಜೀವದ ವಿಷಯ. ಇದೇ ಭಾಗಾಕಾರವನ್ನು ನಮ್ಮ ಮೈಗೆ ಹಾಕಿ. ಒಣಗಿದ ಚರ್ಮದ ರೋಧ ಹಲವು ಸಾವಿರ ಓಮ್ ಇರಬಹುದು. ಒದ್ದೆ ಮೈ, ಬರಿಗಾಲು, ಬಾತ್‌ರೂಮಿನ ನೆಲ ಸೇರಿದರೆ ಅದು ಸುಮಾರು 1000 ಓಮಿಗೆ ಇಳಿಯುತ್ತದೆ. 230 ÷ 1000 ಅಂದರೆ 0.23 ಆಂಪಿಯರ್. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಅದು 16 ಆಂಪಿಯರ್ ಕಾಯುತ್ತಿದೆ. ಹೃದಯಕ್ಕೆ ಮಾತ್ರ ಇದರ ಅರ್ಧವೂ ಪ್ರಾಣಾಂತಿಕ ಆಗಬಹುದು. ಎಂಸಿಬಿ ಇರುವುದು ವೈರನ್ನು ಉಳಿಸಲಿಕ್ಕೆ. ಮನುಷ್ಯನನ್ನು ಉಳಿಸಲು ಇರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಹರಿವೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂದ ಹರಿವೂ ಒಂದೇನಾ ಅಂತ ಅದು ಸದಾ ಹೋಲಿಸುತ್ತಿರುತ್ತದೆ. 30 ಮಿಲಿಆಂಪಿಯರ್, ಅಂದರೆ 0.03 ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದುಬಿಡುತ್ತದೆ. ಎಂಸಿಬಿಗಳು ಕೂತಿರುವ ಮನೆಯ ಡಿಬಿ ಬಾಕ್ಸ್ ತೆರೆದು ನೋಡಿ. ಟೆಸ್ಟ್ ಅಂತ ಒಂದು ಚಿಕ್ಕ ಗುಂಡಿ ಇರುವ ಅಗಲವಾದ ಸ್ವಿಚ್ ಇದೆಯಾ? ಇಲ್ಲದಿದ್ದರೆ ಈ ಲೇಖನದ ಉಳಿದದ್ದನ್ನು ಆಮೇಲೆ ಓದಿ, ಮೊದಲು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಫ್ಯಾನ್, ಎಲ್‌ಇಡಿ ಬಲ್ಬುಗಳಿಗೆ ಈ ಲೆಕ್ಕ ನೇರವಾಗಿ ಕೂರುವುದಿಲ್ಲ. ಫ್ಯಾನಿನಲ್ಲಿ ತಂತಿಯ ಸುರುಳಿ ಇದೆ. ನಮ್ಮ ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಡುವುದರಿಂದ ಸುರುಳಿ ಅದನ್ನು ಇನ್ನೊಂದು ರೀತಿಯಲ್ಲೂ ತಡೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದಾಗ ಸಿಗುವ ಅಂಕಿ ತಂತಿಯ ರೋಧಕ್ಕಿಂತ ತುಂಬ ಜಾಸ್ತಿ ಇರುತ್ತದೆ. ಮಲ್ಟಿಮೀಟರ್ ಇಟ್ಟು ಅಳೆದರೆ ಬೇರೆಯೇ ಅಂಕಿ ಬರುತ್ತದೆ. ಪವರ್‌ಗೂ ವೋಲ್ಟ್ × ಆಂಪಿಯರ್ ಜೊತೆ ಪವರ್ ಫ್ಯಾಕ್ಟರ್ ಎಂಬ ಮೂರನೆಯ ಅಂಕಿಯನ್ನು ಗುಣಿಸಬೇಕು. ಗೀಸರ್, ಇಸ್ತ್ರಿ ಪೆಟ್ಟಿಗೆ, ತಂತಿ ಬಲ್ಬಿಗೆ ಅದು 1. ಅಗ್ಗದ ಎಲ್‌ಇಡಿ ಬಲ್ಬಿಗೆ 0.5 ಇರಬಹುದು. ಅಂಥ 9 ವ್ಯಾಟ್ ಬಲ್ಬ್ ಎಳೆಯುವುದು 0.04 ಅಲ್ಲ, 0.08 ಆಂಪಿಯರ್. ಮನೆಯ ಮೀಟರ್ ದುಡ್ಡು ಎಣಿಸುವುದು ನಿಜವಾದ ವ್ಯಾಟಿಗೆ, ಹಾಗಾಗಿ ನಿಮ್ಮ ಬಿಲ್ಲಿಗೆ ಇದರಿಂದ ತೊಂದರೆ ಇಲ್ಲ. ವೈರಿಗೆ ಮಾತ್ರ ಆ ಹೆಚ್ಚಿನ ಹರಿವಿನ ಹೊರೆ ಇರುತ್ತದೆ.

ಪ್ಲಗ್ಗನ್ನು ಸುಡುವ ಅದೇ ಸೂತ್ರಕ್ಕೂ ಬೆಂಗಳೂರಿನ ಬೀದಿದೀಪಗಳಿಗೂ ಹಳೆಯ ನಂಟಿದೆ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಮೂರು ವರ್ಷದ ಮೇಲೆ, 1905ರ ಆಗಸ್ಟ್ 5ರಂದು, ಅದೇ ವಿದ್ಯುತ್ತಿನಿಂದ ಈಗಿನ ಕೆ.ಆರ್. ಮಾರ್ಕೆಟ್ ಸುತ್ತ ದೀಪಗಳು ಹೊತ್ತಿಕೊಂಡವು. ಅಷ್ಟು ದೂರದ ತಂತಿಯ ರೋಧ ಲೆಕ್ಕಕ್ಕೆ 20 ಓಮ್ ಅಂತ ಊಹಿಸೋಣ, ಕಳಿಸಬೇಕಾದ ಪವರ್ ಹತ್ತು ಲಕ್ಷ ವ್ಯಾಟ್. 230 ವೋಲ್ಟ್‌ನಲ್ಲಿ ಕಳಿಸುವುದಾದರೆ 4348 ಆಂಪಿಯರ್ ಬೇಕು. ಅಷ್ಟು ಹರಿವನ್ನು 20 ಓಮಿನ ಮೂಲಕ ತಳ್ಳಲಿಕ್ಕೇ 86,960 ವೋಲ್ಟ್ ಬೇಕು. ಇದು ಆಗದ ಹೋಗದ ಮಾತು. 30,000 ವೋಲ್ಟ್‌ನಲ್ಲಿ ಕಳಿಸಿದರೆ ಹರಿವು ಬರೀ 33.3 ಆಂಪಿಯರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದು 33.3 × 33.3 × 20, ಸುಮಾರು 22,000 ವ್ಯಾಟ್. ನೂರಕ್ಕೆ ಎರಡು ಪಾಲು ಮಾತ್ರ ನಷ್ಟ. ವೋಲ್ಟೇಜ್ ಏರಿಸಿ ಆಂಪಿಯರ್ ಇಳಿಸುವ ಈ ಉಪಾಯ ಇಲ್ಲದೆ ಇದ್ದಿದ್ದರೆ ಕಾವೇರಿಯ ವಿದ್ಯುತ್ ಬೆಂಗಳೂರು ಮುಟ್ಟುತ್ತಲೇ ಇರಲಿಲ್ಲ. ಇವತ್ತಿಗೂ ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್‌ಗೆ ಬರುವುದು 11,000 ವೋಲ್ಟ್. ಅಲ್ಲಿಂದ ಇಳಿದೇ ಮನೆಗೆ 230 ಬರುತ್ತದೆ.

ಇಷ್ಟು ಓದಿದ ಮೇಲೆ ಸ್ವಂತ ಮನೆಯಲ್ಲಿ ಅಳೆಯಬೇಕು ಅನ್ನಿಸಿದರೆ ಒಂದು ಎಚ್ಚರಿಕೆ. ಮಲ್ಟಿಮೀಟರನ್ನು ಆಂಪಿಯರ್ ಗುರುತಿಗೆ ಇಟ್ಟು ಸಾಕೆಟ್ಟಿಗೆ ಚುಚ್ಚಲೇಬೇಡಿ. ಆ ಗುರುತಿನಲ್ಲಿ ಅದರ ಸ್ವಂತ ರೋಧ ಸೊನ್ನೆಗೆ ಹತ್ತಿರ. 230ನ್ನು ಸೊನ್ನೆಯ ಹತ್ತಿರದ ಅಂಕಿಯಿಂದ ಭಾಗಿಸಿದರೆ ಏನು ಬರುತ್ತದೆ ಅಂತ ಈಗ ನಿಮಗೇ ಗೊತ್ತು. ಮೀಟರ್ ಕೈಯಲ್ಲೇ ಸಿಡಿಯಬಹುದು. ವೈರನ್ನು ಹೊರಗಿನಿಂದ ತಬ್ಬಿ ಹರಿವು ಅಳೆಯುವ ಕ್ಲಾಂಪ್ ಮೀಟರ್ ಇದ್ದರೆ ಒಂದೇ ಒಂದು ವೈರಿನ ಸುತ್ತ ಹಾಕಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಸೇರಿಸಿ ಹಿಡಿದರೆ ಹೋಗುವುದೂ ಬರುವುದೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ.

ಏನನ್ನೂ ಮುಟ್ಟದೆ ಅಳೆಯುವ ದಾರಿ ಒಂದಿದೆ, ನನಗೆ ಬಹಳ ಇಷ್ಟವಾದದ್ದು. ಡಿಜಿಟಲ್ ಮೀಟರ್ ಮೇಲೆ ಒಂದು ಚಿಕ್ಕ ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಅಂತ ಬರೆದಿರುತ್ತದೆ. ಅನೇಕ ಮೀಟರುಗಳಲ್ಲಿ ಅದು 3200. 36 ಲಕ್ಷ ಜೂಲನ್ನು 3200ರಿಂದ ಭಾಗಿಸಿ: ಒಂದು ಮಿನುಗಿಗೆ 1125 ಜೂಲ್. ಒಂದು ನಿಮಿಷದಲ್ಲಿ ಎಷ್ಟು ಸಲ ಮಿನುಗಿತು ಎಣಿಸಿ 18.75ರಿಂದ (1125 ÷ 60) ಗುಣಿಸಿದರೆ ಮನೆ ಆ ಹೊತ್ತಿಗೆ ಬಳಸುತ್ತಿರುವ ವ್ಯಾಟ್ ಸಿಗುತ್ತದೆ. 75 ವ್ಯಾಟಿನ ಫ್ಯಾನ್ ಒಂದೇ ಓಡುತ್ತಿದ್ದರೆ ನಿಮಿಷಕ್ಕೆ ನಾಲ್ಕು ಮಿನುಗು. 2000 ವ್ಯಾಟ್ ಗೀಸರ್ ಹಾಕಿದರೆ 107. ಕಣ್ಣಿಗೆ ಎಣಿಸಲು ಕಷ್ಟವಾದರೆ ಫೋನಿನಲ್ಲಿ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ. ಅಪಾರ್ಟ್‌ಮೆಂಟಿನಲ್ಲಿ ಮೀಟರ್ ಬೋರ್ಡ್ ಕೆಳಗೆ ಇರುತ್ತದೆ. ಮೇಲೆ ಒಬ್ಬರು ಬೇರೆಲ್ಲ ಆರಿಸಿ ಗೀಸರ್ ಸ್ವಿಚ್ ಮಾತ್ರ ಹಾಕಲಿ, ಕೆಳಗೆ ಒಬ್ಬರು ಫೋನಿನಲ್ಲಿ ಮಾತಾಡುತ್ತ ಎಣಿಸಲಿ. ಸಿಕ್ಕ ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್, 230ನ್ನು ಆ ಆಂಪಿಯರಿನಿಂದ ಭಾಗಿಸಿದರೆ ಗೀಸರಿನ ಓಮ್. ಮೊದಲು ಪ್ಲಗ್ಗಿನಲ್ಲಿ ಅಳೆದ 26, 27 ಓಮಿನ ಹತ್ತಿರ ಬರುತ್ತದಾ ನೋಡಿ. ವೋಲ್ಟೇಜ್ ಏರಿಳಿತದಿಂದ ಸ್ವಲ್ಪ ಆಚೀಚೆ ಆಗುತ್ತದೆ.

ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಓಡಾಡುವ ಮನೆಗಳು ಇನ್ನೊಂದು ಎಣಿಕೆ ಮಾಡಿ ನೋಡಬಹುದು. ರಾತ್ರಿ ಎಲ್ಲ ದೀಪ, ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಹತ್ತು ನಿಮಿಷ ತೆಗೆದು, ಆ ಹತ್ತು ನಿಮಿಷದ ಮಿನುಗು ಎಣಿಸಿ. ಸೆಟ್‌ಟಾಪ್ ಬಾಕ್ಸ್, ವೈಫೈ, ಟಿವಿಯ ಸ್ಟ್ಯಾಂಡ್‌ಬೈ ಮಾತ್ರ ಉಳಿದಿರುತ್ತವೆ. ಎಂಟು ಸಲ ಮಿನುಗಿದರೆ 15 ವ್ಯಾಟ್. ತಿಂಗಳಿಡೀ ಹೀಗೇ ಇದ್ದರೆ ಹತ್ತಿರ ಹತ್ತಿರ 11 ಯೂನಿಟ್. ಕೊನೆಗೆ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಿ ಮತ್ತೆ ನೋಡಿ. ಈಗ ಮಿನುಗು ನಿಲ್ಲಬೇಕು. ಕೆಲವು ಮೀಟರ್‌ಗಳಲ್ಲಿ ಲೋಡ್ ಇಲ್ಲದಾಗ ದೀಪ ಆರದೆ ಒಂದೇ ಸಮ ಉರಿಯುತ್ತದೆ, ಅದು ಸರಿಯೇ. ಬಿಟ್ಟು ಬಿಟ್ಟು ಮಿನುಗುತ್ತಲೇ ಇದ್ದರೆ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಎಲ್ಲೋ ಸೋರಿಕೆ ಇದೆ, ಅಥವಾ ಬೇರೆ ಯಾವುದೋ ಲೈನ್ ನಿಮ್ಮ ಮೀಟರಿಗೆ ಸೇರಿಕೊಂಡಿದೆ. ಆ ವಿಡಿಯೋ ಇಟ್ಟುಕೊಂಡು, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ಗೆ ತೋರಿಸಿ.